ನಡುಗೋಡೆಯ ಸದ್ದು

ಮೊಳಕಾಲ್ಮುರಿನ ನಮ್ಮ ಕೇರಿಯಲ್ಲಿ ಎರಡು ಮನೆಗೆ ಒಂದೇ ನಡುಗೋಡೆ. ಗೋಡೆಯ ಈಚೆ ನಮ್ಮ ಮಗ್ಗ, ಆಚೆ ಪಕ್ಕದ ಮನೆಯ ಮುದುಕಿಯ ಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನಾವು ರೇಷ್ಮೆ ಸೀರೆ ನೇಯುವುದು. ಬೆಳಿಗ್ಗೆ ಮಗ್ಗಕ್ಕೆ ಕೂತ ಕೂಡಲೇ ಗೋಡೆಗೆ ಎರಡು ಸಲ ತಟ್ಟುವುದು ಕೇರಿಯ ರೂಢಿ. ಎದ್ದೆಯಾ ಎಂದು ಕೇಳಿದ ಹಾಗೆ. ಆ ಕಡೆಯಿಂದ ಎರಡು ತಟ್ಟು ಬಂದರೆ ಎಲ್ಲ ಸರಿ. ಬರದಿದ್ದರೆ ಕೈಯ ಲಾಳಿ ಕೆಳಗಿಟ್ಟು ಹೋಗಿ ನೋಡಬೇಕು. ಇದನ್ನು ನಮಗೆ ಯಾವ ಸರ್ಕಾರವೂ ಕಲಿಸಿರಲಿಲ್ಲ.

ನನ್ನ ತೌರು ನನ್ನಿವಾಳ. ನಮ್ಮಪ್ಪ ಮಗ್ಗ ಬಿಟ್ಟು ಹೊಲ ಹಿಡಿದಿದ್ದ. ಹಾಗಾಗಿ ಮದುವೆಯಾಗಿ ಬಂದಾಗ ನನಗೆ ನೇಯ್ಗೆಯೂ ಬರುತ್ತಿರಲಿಲ್ಲ, ಅತ್ತೆಯ ತೆಲುಗೂ ಬರುತ್ತಿರಲಿಲ್ಲ. ದಾರ ಕಡಿದಾಗಲೆಲ್ಲ ಅತ್ತೆ ಬೈದು, ನಾನು ಅತ್ತು, ಅದು ಗೋಡೆಯಾಚೆಗೂ ಕೇಳುತ್ತಿತ್ತು. ಮುದುಕಿಗೆ ಗಂಡನಿಲ್ಲ, ಮಕ್ಕಳಿಲ್ಲ, ಗಂಡ ಬಿಟ್ಟುಹೋದ ಮಗ್ಗ ಒಂದಿತ್ತು. ಒಂದು ದಿನ ಬಂದು ನನ್ನ ಪಕ್ಕ ಕೂತಳು. "ಏಮಮ್ಮಾಯ್, ಯಾಕ್ ಅಳ್ತೀಯಾ? ಕಡಿದ್ರೆ ಗಂಟು ಹಾಕ್ಬೇಕು, ಅಷ್ಟೇ ಐತೆ," ಎಂದಳು. ನೇಯ್ಗೆ ನನಗೆ ಕಲಿಸಿದವಳು ಅವಳು. ಹೆತ್ತವ್ವನಿಗಿಂತ ಒಂದು ಕೈ ಹೆಚ್ಚು ಎಂದರೂ ತಪ್ಪಿಲ್ಲ.

ಪ್ಲೇಗು ಬಂದ ವರ್ಷ ತಮಟೆ ಬಡಿದು ಹುಕುಮು ಸಾರಿದರು. ಇಲಿ ಸತ್ತು ಬಿದ್ದ ಮನೆಯ ಸುದ್ದಿಯನ್ನು ಚಾವಡಿಗೆ ಮುಟ್ಟಿಸಬೇಕು, ವೈದ್ಯರು ಬಂದು ನೋಡುವ ತನಕ ಆ ಮನೆಯೊಳಗೆ ಯಾರೂ ಕಾಲಿಡಬಾರದು, ಒಳಗಿದ್ದವರು ಹೊರಗೆ ಬರಬಾರದು. ಹುಕುಮು ಕೆಟ್ಟದ್ದೆಂದು ನಾನು ಈಗಲೂ ಹೇಳುವುದಿಲ್ಲ. ಆ ರೋಗ ಮನೆಮನೆ ಗುಡಿಸಿಕೊಂಡು ಹೋಗುತ್ತಿತ್ತು, ನಮ್ಮ ಕೇರಿಯ ಕಷಾಯಕ್ಕೆ ಬಗ್ಗುವಂಥದ್ದಲ್ಲ.

ಒಂದು ಸಂಜೆ ಮುದುಕಿಯ ಬಾಗಿಲಲ್ಲಿ ಸತ್ತ ಇಲಿ ಬಿದ್ದದ್ದನ್ನು ಅತ್ತೆ ಕಂಡಳು. ನನ್ನ ಗಂಡ ಚಾವಡಿಗೆ ಓಡಿದ. ಜವಾನ ಬಂದು ಅವಳ ಬಾಗಿಲಿಗೆ ಕೆಮ್ಮಣ್ಣಿನ ಗುರುತು ಹಾಕಿ, ಹೊರಗಿನಿಂದ ಚಿಲಕ ಜಡಿದ. ವೈದ್ಯರು ಚಳ್ಳಕೆರೆಯಿಂದ ಬರಬೇಕು ಎಂದ.

ಮರುದಿನ ಬೆಳಿಗ್ಗೆ ನಾನು ಮಗ್ಗಕ್ಕೆ ಕೂತೆ. ಆಚೆಯಿಂದ ಎರಡು ತಟ್ಟು ಬಂತು. ನನ್ನ ಕೈ ತಾನಾಗಿ ಮೇಲೆದ್ದಿತು. ಅತ್ತೆ ಮಣಿಕಟ್ಟು ಹಿಡಿದಳು.

"ಸುಮ್ನಿರೇ. ಸರ್ಕಾರಕ್ಕೆ ಹೇಳಿ ಆಗೈತಲ್ಲ, ಅವ್ರು ನೋಡ್ಕೊಂತಾರೆ. ಉತ್ತರ ಕೊಟ್ರೆ ಇನ್ನೂ ಕರೀತಾಳೆ, ನೀನು ಹೋಗ್ತೀಯಾ?"

ಅತ್ತೆಯ ಮೇಲೆ ಹೊರಿಸಿ ಕೈತೊಳೆದುಕೊಳ್ಳಲಾರೆ. ಅವಳು ಹಿಡಿದದ್ದು ಒಂದು ಗಳಿಗೆ, ಆ ಸದ್ದು ಬಂದದ್ದು ಎರಡು ದಿನ. ನನಗೆ ಹೆದರಿಕೆಯಾಗಿತ್ತು. ಅದಕ್ಕಿಂತ ನಾಚಿಕೆಯ ಮಾತೆಂದರೆ, ಸರ್ಕಾರ ನೋಡಿಕೊಳ್ಳುತ್ತದೆ ಎಂದದ್ದು ಕೇಳಿ ನನಗೆ ಹಾಯೆನಿಸಿತು. ಇನ್ನೊಂದು ಸಂಗತಿಯೂ ನನ್ನ ಕಿವಿಗೆ ಬಿದ್ದಿತ್ತು. ದಿನವೂ ಭುಜದ ಎತ್ತರಕ್ಕೆ ಬರುತ್ತಿದ್ದ ಸದ್ದು ಆಗ ಬರುತ್ತಿದ್ದದ್ದು ಕೆಳಗಿನಿಂದ, ನನ್ನ ಕಾಲಿನ ಹತ್ತಿರದಿಂದ. ಯಾಕೆ ಎಂದು ನಾನು ಯೋಚಿಸಲಿಲ್ಲ. ಕೇಳಬಾರದೆಂದು ಮಗ್ಗದ ಹಲಗೆಯನ್ನು ಜೋರಾಗಿ ಬಡಿದು ನೇಯ್ದೆ.

ಮೂರನೆಯ ದಿನ ತಟ್ಟು ಬರಲಿಲ್ಲ. ನೆತ್ತಿಯ ಮೇಲೆ ಹೊತ್ತು ಬಂದಾಗ ವೈದ್ಯರ ಗಾಡಿ ಬಂತು. ಚಿಲಕ ತೆಗೆಸಿ ಒಳಗೆ ಹೋದವರು ಬೇಗನೆ ಹೊರಗೆ ಬಂದರು.

"ಪ್ಲೇಗ್ ಅಲ್ಲಮ್ಮ. ಮೈಮೇಲೆ ಒಂದು ಗಡ್ಡೆಯೂ ಇಲ್ಲ. ಮಗ್ಗದ ಗುಂಡಿಗೆ ಬಿದ್ದು ತೊಡೆ ಮುರ್ಕೊಂಡಿದಾಳೆ. ನೀರಿಲ್ಲದೆ ಹೋಗಿದಾಳೆ."

ಬಾಗಿಲಿಂದ ಇಣುಕಿದೆ. ನೀರಿನ ಬಿಂದಿಗೆ ಮೂಲೆಯಲ್ಲಿತ್ತು, ತುಂಬಿತ್ತು. ಅವಳ ಬಲಗೈಯ ಗೆಣ್ಣುಗಳು ಸುಲಿದಿದ್ದವು.

ಅದಾದ ಕೆಲವು ದಿನಕ್ಕೆ ಸುಣ್ಣ, ಔಷಧಿ ಗಾಡಿಗೆ ಹಾಕಿಕೊಂಡು ಚಳ್ಳಕೆರೆ ಕಡೆಯಿಂದ ಒಬ್ಬ ಕ್ಯಾಥೊಲಿಕ್ ಪಾದ್ರಿ ಬಂದರು. ಪರಂಗಿ ಮನುಷ್ಯ, ಕನ್ನಡ ಮಾತ್ರ ಪಂಡಿತರದ್ದು. ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಜಾತಿ ಕೆಡಿಸುತ್ತಾನೆ ಎಂದು ಅತ್ತೆ ಕಾವಲು ಕೂತಳು. ಜಾತಿ ಕೆಡಲಿಲ್ಲ, ನನಗಿದ್ದ ಚೂರುಪಾರು ನಿದ್ದೆ ಕೆಟ್ಟಿತು.

ಊರಾಚೆ ಪಾದ್ರಿ ಇಳಿದಿದ್ದ ಗುಡಿಸಲಿಗೆ ನಾನೇ ಹೋದೆ. ನಡೆದದ್ದೆಲ್ಲ ಹೇಳಿ, "ನಾವು ಸರ್ಕಾರಕ್ಕೆ ಹೇಳಿದ್ವಲ್ರಿ, ತಪ್ಪು ಯಾರ್ದು?" ಎಂದು ಕೇಳಿದೆ. ಸರ್ಕಾರದ್ದು ಎನ್ನಲಿ ಎಂದು ನನ್ನ ಆಸೆ.

"ಮನೆಯಿಂದ ಆಗುವುದನ್ನು ಕೇರಿ ಕಿತ್ತುಕೊಳ್ಳಬಾರದು, ಕೇರಿಯಿಂದ ಆಗುವುದನ್ನು ಸರ್ಕಾರ ಕಿತ್ತುಕೊಳ್ಳಬಾರದು," ಎಂದರು ಪಾದ್ರಿ. "ಮನೆ ಸೋತಾಗ ಕೇರಿ ಬರಬೇಕು, ಕೇರಿ ಸೋತಾಗ ಸರ್ಕಾರ ಬರಲೇಬೇಕು. ಬಂದು ಕೈಹಿಡಿದು ಎತ್ತಬೇಕು, ಕೈ ಕಟ್ಟಬಾರದು. ನಮ್ಮ ಧರ್ಮಸಭೆಯ ಬೋಧೆ ಇದು."

"ಹಂಗಾದ್ರೆ ಸರ್ಕಾರದ್ದೇ ತಪ್ಪು ಅಲ್ವೇನ್ರಿ?"

"ಸರ್ಕಾರದ ತಪ್ಪನ್ನು ನಾನು ಅಮಲ್ದಾರರಿಗೆ ಹೇಳುತ್ತೇನೆ. ನೀನು ನಿನ್ನ ಕಡೆಯದನ್ನು ಹೇಳು, ತಾಯಿ. ನೀನು ತಿರುಗಿ ತಟ್ಟಿದೆಯಾ?"

"ಹುಕುಮಿತ್ತಲ್ರಿ," ಎಂದೆ. ಅವರು ಸುಣ್ಣದ ಚೀಲದ ಬಾಯಿ ಕಟ್ಟತೊಡಗಿದರು. ಬೈದಿದ್ದರೆ ಚೆನ್ನಾಗಿತ್ತು.

ಹೇಳಿದ ಹಾಗೆ ಪಾದ್ರಿ ಅಮಲ್ದಾರರ ಹತ್ತಿರ ಹೋಗಿ ವಾದ ಮಾಡಿದರು. ಸುಣ್ಣ, ಔಷಧಿ, ಊರಾಚೆ ಗುಡಿಸಲು, ವೈದ್ಯರು ಇದೆಲ್ಲ ಸರ್ಕಾರದ ಹೊಣೆ. ಗುರುತು ಬಿದ್ದ ಮನೆಯ ಬಾಗಿಲಿಗೆ ಹೋಗಿ ನೀರು, ಗಂಜಿ ಕೊಟ್ಟು ಮಾತಾಡಿಸಿ ಬರುವುದು ಕೇರಿಯವರೇ ಆರಿಸಿದ ಇಬ್ಬರದ್ದು. ಅಮಲ್ದಾರರು ಗೊಣಗುತ್ತಲೇ ಒಪ್ಪಿದರು. ಆ ಇಬ್ಬರಲ್ಲಿ ನಾನೊಬ್ಬಳು. ಅತ್ತೆ ಅತ್ತಳು, ಗಂಡ ಮಾತು ಬಿಟ್ಟ, ನಾನು ಹೋದೆ. ಮುಂದಿನ ವರ್ಷ ರೋಗ ಮತ್ತೆ ಬಂದಾಗಲೂ ಹೋದೆ. ಸಾಯುವವರು ಸತ್ತರು. ಕರೆದರೂ ಯಾರೂ ಓಗೊಡದೆ ಸತ್ತವರು ಮಾತ್ರ ನಮ್ಮ ಕೇರಿಯಲ್ಲಿ ಮತ್ತೊಬ್ಬರಿಲ್ಲ. ಊರು ನನ್ನನ್ನು ಹೊಗಳಿತು. ಹೊಗಳಿದಾಗಲೆಲ್ಲ ನಾನು ಎದ್ದು ಹೋಗಿ ಮಗ್ಗಕ್ಕೆ ಕೂರುತ್ತಿದ್ದೆ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಬೆಳಿಗ್ಗೆ ನಾನು ತಟ್ಟುತ್ತೇನೆ, ಅವರೂ ತಟ್ಟುತ್ತಾರೆ, ಭುಜದ ಎತ್ತರಕ್ಕೆ. ಕೆಲವು ದಿನ ಅದಾದ ಮೇಲೆ ಇನ್ನೊಂದು ಸದ್ದು ಬರುತ್ತದೆ, ಕೆಳಗಿನಿಂದ. ನನ್ನ ಸೊಸೆಗೆ ಕೇಳುವುದಿಲ್ಲ. ನಾನು ಬಗ್ಗಿ, ಗುಂಡಿಯೊಳಗೆ ಕೈ ಇಳಿಸಿ, ಅಲ್ಲೇ ಎರಡು ಸಲ ತಟ್ಟುತ್ತೇನೆ. ಮನೆಯೊಳಗೆ ಕಾಲಿಡಬಾರದು ಎಂದು ಹುಕುಮಿನಲ್ಲಿತ್ತು, ನಿಜ. ಗೋಡೆ ತಟ್ಟಬಾರದು ಎಂದು ಅದರಲ್ಲಿ ಒಂದಕ್ಷರವೂ ಇರಲಿಲ್ಲ.