ಮೇಡಂ ಮನೆಯ ಮೈಕ್ರೋವೇವ್

ಮೇಡಂ ಸೀರೆಯ ಸೆರಗಿನ ಒಂದು ಮೂಲೆ ಹಲಗೆಯಂತೆ ಗಟ್ಟಿಯಾಗಿತ್ತು. ಎಂದೋ ಎಪಾಕ್ಸಿ ಅಂಟಿನ ಡಬ್ಬಿಗೆ ಬಿದ್ದು ಹಾಗೇ ಸೆಟೆದುಕೊಂಡಿದ್ದು. ಅವರು ಲ್ಯಾಬಿನಲ್ಲಿ ಓಡಾಡಿದರೆ ಅದು ಮೇಜಿಗೆ ಟಕ್ ಟಕ್ ಎಂದು ಬಡಿಯುತ್ತಿತ್ತು. ಹರಟುತ್ತಿದ್ದ ನಾವು ಆ ಸದ್ದಿಗೇ ಬಾಯಿ ಮುಚ್ಚುತ್ತಿದ್ದೆವು.

ಮೇಡಂ ಚಾಂಪಿಯನ್ ರೀಫ್ಸ್ ಎಂಬ ಗಣಿ ಬಡಾವಣೆಯವರು. ಮನೆಯಲ್ಲಿ ತಮಿಳು, ಕೆಜಿಎಫ್‌ನ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠಕ್ಕೆ ಇಂಗ್ಲಿಷ್, ಬೈಗುಳಕ್ಕೂ ಅಕ್ಕರೆಗೂ ಕನ್ನಡ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಏನು ಮಾಡುತ್ತೀಯ ಎಂದು ಅವರು ಕೇಳಿದಾಗ ನಾನು ಅಮ್ಮನ ಕಾಲಿನ ವಿಷಯ ಹೇಳಿಬಿಟ್ಟೆ. ಬಂಗಾರಪೇಟೆ ಪಕ್ಕದ ನಮ್ಮೂರಲ್ಲಿ ಅಮ್ಮ ಹಸು ಸಾಕಿದ್ದಳು. ನರದ ತೊಂದರೆಯಿಂದ ಎಡಪಾದ ಜೋತುಬಿದ್ದು, ಹಾಲಿನ ಕ್ಯಾನು ಹಿಡಿದು ಡೈರಿಗೆ ನಡೆಯುವುದೇ ನಿಂತುಹೋಗಿತ್ತು. ಪಾದ ಎತ್ತಿಹಿಡಿಯಲು ಆಸ್ಪತ್ರೆಯಲ್ಲಿ ಕೊಟ್ಟ ಕಬ್ಬಿಣದ ಪಟ್ಟಿಯನ್ನು ಭಾರವೆಂದು ಮೂಲೆಗೆಸೆದಿದ್ದಳು.

"ಅದೇ ಪಟ್ಟೀನ ಗಾಜಿನ ನಾರಲ್ಲಿ ಹಗುರಾಗಿ ಮಾಡೋಣ ಮಾ" ಎಂದರು ಮೇಡಂ. ನಾರಿಗೆ ಹಚ್ಚುವ ಎಪಾಕ್ಸಿ ಚೆನ್ನಾಗಿ ಗಟ್ಟಿಯಾಗಲು ಶಾಖ ಬೇಕು, ಲ್ಯಾಬಿನ ಓವನ್ ಕೆಟ್ಟಿತ್ತು. ಮರುದಿನ ತಮ್ಮ ಅಡುಗೆಮನೆಯ ಮೈಕ್ರೋವೇವನ್ನೇ ಆಟೋದಲ್ಲಿ ಹೊತ್ತು ತಂದರು. ಎಪಾಕ್ಸಿ ಕಂಡ ಒಲೆ ಮತ್ತೆ ಅನ್ನ ಕಾಣುವಂತಿಲ್ಲ. ಮನೆಯಲ್ಲಿ ರಿಪೇರಿಗೆ ಕೊಟ್ಟಿದ್ದೇನೆ ಎಂದಿದ್ದರಂತೆ.

ಅಮ್ಮನನ್ನು ಲ್ಯಾಬಿಗೆ ಕರೆತಂದು ಅವಳ ಪಾದದ ತದ್ರೂಪು ಪ್ಲಾಸ್ಟರ್ ಅಚ್ಚು ತೆಗೆದು, ಅದಕ್ಕೆ ಎಪಾಕ್ಸಿ ಹಚ್ಚಿದ ನಾರಿನ ಬಟ್ಟೆ ಸುತ್ತಿ ಮೈಕ್ರೋವೇವಿನ ಒಳಗಿಟ್ಟೆವು. ಅಮ್ಮ ಗಾಜಿನ ಬಾಗಿಲಲ್ಲಿ ಇಣುಕಿದಳು. "ನನ್ ಕಾಲ್ನೇ ಬೇಯಿಸ್ತಾ ಇದ್ದೀರಾ ಮೇಡಮ್ಮೋರೆ? ಉಪ್ಪು ಕಾರ ಆಕಿದ್ರಾ?" ಅಷ್ಟರಲ್ಲಿ ಒಳಗೆ ಪಟ್ ಎಂದಿತು. ಅಚ್ಚು ಇನ್ನೂ ಹಸಿಯಾಗಿತ್ತು. ಅದರೊಳಗಿನ ನೀರು ಕಾದು, ಹಬೆಗೆ ಅಚ್ಚಿನ ಹಿಮ್ಮಡಿ ಸೀಳಿತ್ತು. ನನಗೆ ಅಳು ಬಂತು. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಣಗ್ಸೋದು ನಾನೇ ಮರ್ತೋದೆ ಮಾ. ಬಿಡು, ಇನ್ನೊಂದು ಕಾಲು ಮಾಡೋಣ."

ಹೊಸ ಅಚ್ಚನ್ನು ತಾರಸಿಯ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದೆವು. ಮೈಕ್ರೋವೇವ್ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಕಾಯಿಸುತ್ತದೆ. ತಿರುಗುವ ತಟ್ಟೆಗೋ ಅಚ್ಚು ದೊಡ್ಡದು. ಮೇಡಂ ಕೊಂಚ ಕಾಯಿಸಿ, ನಿಲ್ಲಿಸಿ, ಕೈಯಾರೆ ತಿರುಗಿಸಿ, ಮಧ್ಯಾಹ್ನವೆಲ್ಲ ಅಲ್ಲೇ ನಿಂತರು. "ಅರ್ಜೆಂಟ್ ಮಾಡಿದ್ರೆ ಒಳಗೊಳಗೇ ಸೀದೋಗುತ್ತೆ ಮಾ."

ಡಾಕ್ಟರು ನೋಡಿ ಒಪ್ಪಿದ ಮೇಲೆ ಅಮ್ಮ ಹೊಸ ಪಟ್ಟಿಯನ್ನು ಕಾಲಿಗೆ ಕಟ್ಟಿಕೊಂಡು ನಮ್ಮ ಮನೆಯಂಗಳದಲ್ಲಿ ನಿಂತಳು. ನೋಡಲೆಂದು ಊರಿಗೆ ಬಂದಿದ್ದ ಮೇಡಂ ಆಸರೆಗೆಂದು ಕೈ ಚಾಚಿದರು. ಅಷ್ಟರಲ್ಲಿ ಕರು ಹಗ್ಗ ಬಿಡಿಸಿಕೊಂಡು ಹೊರಟಿತು. "ಲೇ, ನಿಂತ್ಕಳೇ!" ಎಂದು ಅಮ್ಮ ದಾಪುಗಾಲು ಹಾಕಿದಳು. ಬೀದಿಯ ತುದಿಯಲ್ಲಿ ಕರು ಹಿಡಿದ ಮೇಲೇ ತಾನು ಅಷ್ಟು ದೂರ ಬಂದದ್ದು ಅವಳಿಗೆ ತಿಳಿದದ್ದು. ಇತ್ತ ಮೇಡಂ ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆದರು!

ಮೇಡಂ ಈಗ ನಿವೃತ್ತರು. ಅವರ ಋಣ ನನಗೆ ದಿನಾ ಬೆಳಿಗ್ಗೆ ಕಣ್ಣಿಗೆ ಬೀಳುತ್ತದೆ. ಡೈರಿಗೆ ಹೊರಟ ಅಮ್ಮನಿಗೆ ಕ್ಯಾನು ನನಗೆ ಕೊಡು ಎನ್ನುತ್ತೇನೆ, ಅವಳು ಕೊಡುವುದಿಲ್ಲ.