ಹನಮೇಶನ ಚಾವಿಗೆ ಇಟ್ಟ ಜಾಗ

ಉಸ್ಮಾನಸಾಬರ ಬಾಯಿ ಸುಮ್ಮನಿರುತ್ತಿರಲಿಲ್ಲ. ಹುಬ್ಬಳ್ಳಿಯ ಬೈರಿದೇವರಕೊಪ್ಪದಲ್ಲಿ ಅವರ ಗ್ಯಾರೇಜಿನ ಪಕ್ಕಕ್ಕೇ ನನ್ನ ಟೈರ್ ಅಂಗಡಿ. ಇಪ್ಪತ್ತು ವರ್ಷ ಆ ಬಾಯಿಯನ್ನು ತಾಳಿಕೊಂಡವನು ನಾನು. ಸಾಬರು ಏನು ಕೆಟ್ಟಿತ್ತು, ಏನು ಹಾಕಿದೆ ಎಂದು ಎಲ್ಲವನ್ನೂ ಬಿಡಿಸಿ ಹೇಳದೆ ಒಬ್ಬ ಗಿರಾಕಿಯನ್ನೂ ಕಳಿಸಿದವರಲ್ಲ. ಐವತ್ತರ ವಯಸ್ಸಿನ ಹತ್ತಿರ, ಗಾಡಿಗೆ ಜೋಡಿಸಿ ನೋಡುವ ಲ್ಯಾಪ್‌ಟಾಪ್ ಕಲಿತ ಮೇಲಂತೂ ಕೇಳುವುದೇ ಬೇಡ.

"ಸಾಬರ, ಗಾಡಿ ರಿಪೇರಿ ಮಾಡ್ತೀರೋ, ಪಾಠ ಹೇಳ್ತೀರೋ?" ಎಂದು ರೇಗಿಸುತ್ತಿದ್ದೆ.

"ಗಾಡಿ ಅವರದು. ಅವರಿಗೆ ಗೊತ್ತಿರಬೇಕಲ್ಲೋ ತಮ್ಮಾ" ಎನ್ನುತ್ತಿದ್ದರು.

2005ರಲ್ಲಿ ನವನಗರದ ಕುಬೇರಪ್ಪ ತಮ್ಮ ಕಾರನ್ನು ಎಳೆಸಿಕೊಂಡು ಬಂದರು. ಜೊತೆಗೆ ಹೆಂಡತಿ ರೇಣವ್ವ. ಹಿಂದಿನ ವರ್ಷ ಅವರ ಮಗ ಹನಮೇಶ ಪರೀಕ್ಷೆಯಲ್ಲಿ ಫೇಲಾಗಿ, ಅಪ್ಪನಿಂದ ಬೈಸಿಕೊಂಡು, ಇದೇ ಕಾರನ್ನು ಹುಬ್ಬಳ್ಳಿ ಸ್ಟೇಷನ್ ಮುಂದೆ ಬಿಟ್ಟು ಯಾವುದೋ ರೈಲು ಹತ್ತಿದ್ದ. ಚಾವಿ ಅವನ ಕಿಸೆಯಲ್ಲೇ ಹೋಯಿತು. ಮನೆಯಲ್ಲಿದ್ದ ಇನ್ನೊಂದು ಚಾವಿಯಿಂದ ಕಾರನ್ನು ತಂದು ನಿಲ್ಲಿಸಿದ ಕುಬೇರಪ್ಪ ಮತ್ತೆ ಅದನ್ನು ಮುಟ್ಟಿರಲಿಲ್ಲ. ಮಳೆನೀರು ಇಳಿದು, ಇಂಜಿನ್ ನಡೆಸುವ ಇಸಿಎಂ ಪೆಟ್ಟಿಗೆ ಕೆಟ್ಟಿತ್ತು. ಈಗ ಹನಮೇಶನನ್ನು ಸೊಲ್ಲಾಪುರದಲ್ಲಿ ಕಂಡೆವು ಎಂದು ಯಾರೋ ಹೇಳಿದ್ದರು. ಹುಡುಕಲು ಹೋಗಬೇಕಿತ್ತು.

ಸಾಬರು ಹೊಸ ಪೆಟ್ಟಿಗೆ ಕೂರಿಸಿ, ಲ್ಯಾಪ್‌ಟಾಪ್ ಜೋಡಿಸಿ, ಪಾಠ ಶುರು ಮಾಡಿದರು.

"ಯಾವ ಚಾವಿ ನಿಮ್ಮದು ಅಂತ ಈ ಪೆಟಿಗಿಗೆ ಗೊತ್ತಿಲ್ರಿ. ಕಲಿಸಬೇಕು. ಇರೋ ಚಾವಿ ಎಲ್ಲಾ ಕೊಡ್ರಿ. ಕಲಿಸಲಾರದ ಚಾವಿಯಿಂದ ಗಾಡಿ ಚಾಲೂ ಆಗಂಗಿಲ್ಲ."

ಕುಬೇರಪ್ಪ ಇದ್ದ ಒಂದೇ ಚಾವಿ ಹಿಡಿದು ಕೈ ಚಾಚಿದರು. ರೇಣವ್ವ ಅವರ ಮುಂಗೈ ಹಿಡಿದುಕೊಂಡರು.

"ಬ್ಯಾಡ್ರಿ. ಹಳೇ ಪೆಟಿಗೀನ ಇರ್ಲಿ. ನನ್ನ ಮಗಾ ಬಂದು ಚಾವಿ ತಿರುವಿದಾಗ ಗಾಡಿ ಅವನ ಗುರ್ತ ಹಿಡೀಲಿಲ್ಲಂದ್ರ?"

ನನಗೆ ಸಾಬರ ಮೇಲೆ ಸಿಟ್ಟು ಬಂತು. ಬಾಯಿ ಮುಚ್ಚಿಕೊಂಡು ಕೆಲಸ ಮುಗಿಸಿದ್ದರೆ ಆ ತಾಯಿಗೆ ತಿಳಿಯುತ್ತಲೇ ಇರಲಿಲ್ಲ. ಸಾಬರ ಮುಖವೂ ಸಣ್ಣದಾಯಿತು. ಲ್ಯಾಪ್‌ಟಾಪನ್ನು ರೇಣವ್ವನವರ ಕಡೆ ತಿರುಗಿಸಿದರು.

"ಇಲ್ಲಿ ನೋಡ್ರಿ ಅಕ್ಕಾರ. ಇದರಾಗ ನಾಕು ಚಾವಿಗೆ ಜಾಗಾ ಐತಿ. ಎರಡನೇದು ಹನಮೇಶಂದು. ಅವ ಬಂದ ದಿನಾ ಕರ್ಕೊಂಡ ಬರ್ರಿ, ಹತ್ತು ನಿಮಿಷದ ಕೆಲಸ. ಅಲ್ಲೀತನಾ ಆ ಜಾಗಾ ಯಾರಿಗೂ ಕೊಡಂಗಿಲ್ಲ."

ರೇಣವ್ವ ಕೈ ಬಿಟ್ಟರು.

ಸೊಲ್ಲಾಪುರದಲ್ಲಿ ಹುಡುಗ ಸಿಗಲಿಲ್ಲ. ಆಮೇಲೆ ಕಾರು ಆಯಿಲ್ ಬದಲಿಸಲು ಬಂದಾಗಲೆಲ್ಲ ರೇಣವ್ವ ಜೊತೆಗೆ ಬಂದು, "ಜಾಗಾ ಐತಲ್ರಿ?" ಎಂದು ಕೇಳುತ್ತಿದ್ದರು. "ಐತ್ರಿ ಅಕ್ಕಾರ" ಎಂದು ಸಾಬರು ಪ್ರತಿ ಸಲವೂ ಲ್ಯಾಪ್‌ಟಾಪ್ ಜೋಡಿಸಿ ತೋರಿಸುತ್ತಿದ್ದರು. ಅದಕ್ಕೆ ಮಾತ್ರ ನಾನು ಎಂದೂ ರೇಗಿಸಲಿಲ್ಲ.

2008ರ ಒಂದು ಮಧ್ಯಾಹ್ನ ಗಂಡ ಹೆಂಡತಿ ಅದೇ ಕಾರಿನಲ್ಲಿ, ಪೊಲೀಸರು ಕೊಟ್ಟ ಲಕೋಟೆ ಹಿಡಿದುಕೊಂಡು ಬಂದರು. ಒಳಗೆ ಸಿದ್ಧಾರೂಢರ ಬಿಲ್ಲೆಯಿದ್ದ, ತುಕ್ಕು ಹತ್ತಿದ ಚಾವಿ. ದೂರದ ಯಾವುದೋ ಊರಲ್ಲಿ ಹಳಿಯ ಪಕ್ಕ ಸಿಕ್ಕಿದ್ದ, ಗುರುತು ಹತ್ತದ ಶವದ ಕಿಸೆಯಲ್ಲಿತ್ತಂತೆ. ಬಿಲ್ಲೆ ಹುಬ್ಬಳ್ಳಿಯದೆಂದು ತಿಳಿದು ಪೊಲೀಸರು ಈಗ ಇಲ್ಲಿಗೆ ಕಳಿಸಿದ್ದರು; ಹನಮೇಶ ಸತ್ತದ್ದು ಮನೆ ಬಿಟ್ಟ ವಾರದಲ್ಲೇ. ಜಾಗ ಇಟ್ಟಿದ್ದೇವೆಂದು ನಾವು ತೋರಿಸುತ್ತಿದ್ದ ಅಷ್ಟೂ ವರ್ಷ ಅವನು ಇರಲೇ ಇಲ್ಲ.

"ಕಲಿಸ್ರಿ" ಎಂದರು ರೇಣವ್ವ.

ಸಾಬರು ತುಕ್ಕು ಒರೆಸಿದರು. ಲ್ಯಾಪ್‌ಟಾಪ್ ಜೋಡಿಸಿದರು. ಏನಾದರೂ ಹೇಳಲಿ ಎಂದು ನಾನೇ ಕಾದೆ. ಅವರು ಬಾಯಿ ಬಿಡಲಿಲ್ಲ. ಮುಗಿದ ಮೇಲೆ ರೇಣವ್ವ ತಾವೇ ಡ್ರೈವರ್ ಸೀಟಿನಲ್ಲಿ ಕುಳಿತು ಚಾವಿ ತಿರುವಿದರು. ಇಂಜಿನ್ ಒಂದೇ ಸಲಕ್ಕೆ ಚಾಲೂ ಆಯಿತು. ಕುಬೇರಪ್ಪ ಬಾನೆಟ್ ಮೇಲೆ ತಲೆಯಿಟ್ಟು ಬಿಕ್ಕಿಬಿಕ್ಕಿ ಅತ್ತರು.

ರೇಣವ್ವ ಚಾವಿಯಿಂದ ಕೈ ತೆಗೆಯದೆ ಸಾಬರನ್ನು ನೋಡಿದರು.

"ಗುರ್ತ ಹಿಡೀತ್ರಿ" ಎಂದರು.