ಖಾಲಿ ಗಾಡಿ

ಆ ಮನುಷ್ಯನನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ಸಮುದ್ರದಾಚೆಯ ಯಾವುದೋ ಶ್ರೀಮಂತ ದೇಶದಿಂದ ವಿಮಾನದಲ್ಲಿ ಹಾರಿ ಬಂದಿದ್ದ. ಯರಗುಪ್ಪಿಯ ನಮ್ಮ ಮೆಣಸಿನಕಾಯಿ ಅವನ ಕಂಪನಿಗೆ ಹೋಗುತ್ತಿತ್ತು. ಹೊಲದಿಂದ ಹುಬ್ಬಳ್ಳಿಯ ಗೋದಾಮಿನವರೆಗೆ ಅದನ್ನು ಸಾಗಿಸುತ್ತಿದ್ದುದು ನಮ್ಮಣ್ಣನ ಟೆಂಪೊ. ಅವನ ಮನೆ ನಡೆಯುತ್ತಿದ್ದುದೇ ಆ ಬಾಡಿಗೆಯಿಂದ. ಸಾಗಾಟದಲ್ಲಿ ಹೊಗೆ ಕಡಿಮೆ ಇರಬೇಕು, ಇಲ್ಲದಿದ್ದರೆ ಬೇರೆ ಗಾಡಿ ಹಚ್ಚುತ್ತೇವೆ ಎಂದು ಹೇಳಲು ಆತ ಬಂದಿದ್ದ. ತಲೆಮಾರುಗಟ್ಟಲೆ ಹೊಗೆ ಉಗುಳಿ ದೊಡ್ಡದಾದ ದೇಶದವನು ನಮ್ಮ ಟೆಂಪೊದ ಹಿಂದೆ ಬಗ್ಗಿ ಸೈಲೆನ್ಸರ್ ನೋಡಿದ. ಅವನ ಕಾರು ಮಾತ್ರ ಎಸಿಗಾಗಿ ಬೇವಿನ ಮರದ ಕೆಳಗೆ ಗುರುಗುಡುತ್ತಲೇ ಇತ್ತು.

ಅವನ ಮಾತನ್ನು ಕನ್ನಡದಲ್ಲಿ ಹೇಳಲು ಹುಬ್ಬಳ್ಳಿಯ ಏಜೆಂಟ ಜತೆಗಿದ್ದ. "ವಾಪಸ್ ಬರೂ ಮುಂದ ಗಾಡ್ಯಾಗ ಏನರ ಇರ್ತೈತೇನ್ರಿ, ಖಾಲಿ ಬರ್ತೈತೇನ್ರಿ?" ಎಂದು ಕೇಳಿದ.

ಅಣ್ಣನ ಮುಖ ಸಪ್ಪಗಾಯಿತು. ಟೆಂಪೊ ಎಂದೂ ಖಾಲಿ ಬಂದದ್ದಿಲ್ಲ. ಹಿಂಡಿ ಚೀಲ, ಗೊಬ್ಬರ, ಅವುಗಳ ಮೇಲೆ ಆಸ್ಪತ್ರೆಗೆ ಹೋಗಿದ್ದ ಬಾಜೂ ಮನೆಯ ಮುದುಕಿ, ಕಾಲೇಜು ಹುಡುಗಿಯರು. ಖಾಲಿ ಗಾಡಿ ಊರಿಗೆ ತಂದರೆ ನಮ್ಮಲ್ಲಿ ಜನ ಬೈಯುತ್ತಾರೆ. ಆದರೆ ಸರಕಿನ ಗಾಡಿಯಲ್ಲಿ ಮಂದಿಯನ್ನು ಹತ್ತಿಸಿದರೆ ಪೊಲೀಸರು ದಂಡ ಹಾಕುತ್ತಾರೆ. ಈ ಸಾಹೇಬನೂ ಅದೇ ತಪಾಸಣೆಗೆ ಬಂದಿದ್ದಾನೆ ಎಂದುಕೊಂಡ ಅಣ್ಣ.

"ಅಗದಿ ಖಾಲಿರಿ ಸಾಹೇಬ್ರ. ಒಂದ್ ನರಪಿಳ್ಳಿನೂ ಹತ್ತಸಂಗಿಲ್ಲ."

ಸಾಹೇಬ ತಲೆಯನ್ನು ಅಡ್ಡಡ್ಡ ಆಡಿಸಿದ. ಖಾಲಿ ಓಡುವ ಗಾಡಿ ವ್ಯರ್ಥ ಹೊಗೆ ಬಿಡುವ ಗಾಡಿ ಎಂಬುದು ಅವರ ಲೆಕ್ಕ. ಏಜೆಂಟ ಅದನ್ನು ಬಿಡಿಸಿ ಹೇಳಿದಾಗ ಅಣ್ಣ ಗಾಬರಿಯಾಗಿ ನಿಜ ಬಾಯಿಬಿಟ್ಟ. "ಸುಳ್ಳ ಹೇಳಿದ್ನಿರಿ. ತುಂಬಿ ಬರ್ತೈತ್ರಿ, ಸಾಮಾನದ ಮ್ಯಾಲೆ ಮಂದಿ ಕುಂತಿರ್ತಾರ." ಹಾಗಾದರೆ ಸುರಕ್ಷತೆಯ ನಿಯಮ ಮುರಿದಂತಾಯಿತು ಎಂದ ಆ ಪುಣ್ಯಾತ್ಮ. ಅಲ್ಲಿಗೆ ಬಾಡಿಗೆ ಹೋಯಿತು.

ಈಗ ಕಂಪನಿಯದೇ ಹೊಸ ಲಾರಿ ಬರುತ್ತದೆ, ಬದಿಯಲ್ಲಿ ಹಸಿರು ಎಲೆಯ ಚಿತ್ರ. ಟೆಂಪೊ ಮಾರಿದ ಅಣ್ಣ ಅದಕ್ಕೆ ಚೀಲ ಹೇರುವ ಹಮಾಲಿ ಮಾಡುತ್ತಾನೆ. ಮೊನ್ನೆ ನಾನೂ ಅಲ್ಲಿದ್ದೆ. "ಹುಬ್ಬಳ್ಳಿಂದ ಏನ್ ತಂದೀಪಾ?" ಎಂದು ಅಣ್ಣ ಅದರ ಡ್ರೈವರನನ್ನು ಕೇಳಿದ.

"ಏನ್ ತರೂದ್ರಿ ಕಾಕಾ, ದಿನಾ ಖಾಲೀನ ಬರ್ತೇನಿ. ಬಾಜೂಕ ಯಾರನ್ನೂ ಕುಂದ್ರಿಸಬಾರ್ದಂತ."

ನನ್ನ ಬಾಯಿಗೆ ಬೈಗುಳ ಬಂತು. ಅಣ್ಣ ಮುಂದಿನ ಚೀಲಕ್ಕೆ ಬೆನ್ನು ಕೊಟ್ಟ.